ಮುಲಾಮು ಬರೆಯುವ ಮುಂಚೆ ಒಂದು ಸ್ಲೈಡ್

ಅಂಚು ಕೆಂಪಗೆ ಉಬ್ಬಿ, ನಡುವೆ ತಿಳಿಯಾದ ದುಂಡನೆಯ ಕಲೆ ಕಂಡರೆ ಹುಳುಕಡ್ಡಿ, ಅಂದರೆ ಚರ್ಮದ ಫಂಗಸ್ ಸೋಂಕು, ಎಂದುಬಿಡುವುದು ಸುಲಭ. ಬಹಳ ಸಲ ಅದು ಸರಿಯೂ ಆಗಿರುತ್ತದೆ. ಆದರೆ ನಾಣ್ಯದಾಕಾರದ ಇಸುಬು, ಸೋರಿಯಾಸಿಸ್, ಪಿಟಿರಿಯಾಸಿಸ್ ರೋಸಿಯಾದ ಮೊದಲ ಕಲೆ, ಗ್ರ್ಯಾನುಲೋಮಾ ಆನ್ಯುಲಾರೆ, ಇವೂ ದುಂಡಗೇ ಇರುತ್ತವೆ. ಇಸುಬಿಗೆ ಕೊಡುವ ಸ್ಟೀರಾಯ್ಡ್ ಮುಲಾಮನ್ನು ಫಂಗಸ್ ಮೇಲೆ ಹಚ್ಚಿದರೆ ಮೊದಲು ತುರಿಕೆ ಇಳಿದು ಖುಷಿಯಾಗುತ್ತದೆ, ಆಮೇಲೆ ಕಲೆ ಹಬ್ಬುತ್ತದೆ. ಫಂಗಸ್ ಮುಲಾಮನ್ನು ಇಸುಬಿಗೆ ಹಚ್ಚಿದರೆ ವಾರಗಟ್ಟಲೆ ಇದ್ದಲ್ಲೇ ಇರುತ್ತದೆ. ಇವೆರಡನ್ನು ಬೇರ್ಪಡಿಸಲು ಬೇಕಿರುವುದು ಒಂದು ಬ್ಲೇಡ್, ಒಂದು ಸ್ಲೈಡ್, ಒಂದು ತೊಟ್ಟು ಕ್ಷಾರ, ಒಂದು ಸಾಧಾರಣ ಮೈಕ್ರೋಸ್ಕೋಪ್ ಮತ್ತು ಇಪ್ಪತ್ತು ನಿಮಿಷ.

ಕ್ಲಿನಿಕ್ಕಿನ ಈ ಸಣ್ಣ ಪರೀಕ್ಷೆಗಳಿಗೆಲ್ಲ ಒಂದೇ ಗುಣ. ಅವು ಕೈಕೊಡುವುದು ಹೆಚ್ಚಾಗಿ ಚರ್ಮದ ಮೇಲೆಯೇ, ಸ್ಲೈಡು ಮೈಕ್ರೋಸ್ಕೋಪಿನಡಿಗೆ ಹೋಗುವ ಮುಂಚೆಯೇ. ಎಲ್ಲಿಂದ ಕೆರೆದರು, ಕಲೆಗೆ ಎಷ್ಟು ದಿನವಾಗಿತ್ತು, ಹಿಂದಿನ ದಿನ ಏನು ಹಚ್ಚಿದ್ದರು, ಇಷ್ಟರಲ್ಲೇ ಮುಕ್ಕಾಲು ಫಲಿತಾಂಶ ತೀರ್ಮಾನವಾಗಿರುತ್ತದೆ.

ಕೆಓಎಚ್: ಕೆರೆಯುವುದೇ ಅರ್ಧ ಕೆಲಸ

ಕೆಓಎಚ್ ಎಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಚರ್ಮದ ಕೆರಾಟಿನ್ ಎಂಬ ಪ್ರೋಟೀನನ್ನು ಕರಗಿಸುತ್ತದೆ, ಫಂಗಸ್ಸಿನ ಗಟ್ಟಿ ಕೋಶಭಿತ್ತಿಯನ್ನು ಅಷ್ಟು ಬೇಗ ಮುಟ್ಟುವುದಿಲ್ಲ. ಕೆರೆದ ಚರ್ಮದ ಹೊಟ್ಟು ತಿಳಿಯಾಗಿ ಅದರೊಳಗಿನ ಫಂಗಸ್ ಎಳೆಗಳು ಉಳಿಯುತ್ತವೆ. ಚರ್ಮಕ್ಕೆ ಶೇ 10ರ ದ್ರಾವಣ, ಉಗುರಿಗೆ ಶೇ 20ರಿಂದ 40. ಶೇ 10ರದ್ದು ಮಾಡಿಕೊಳ್ಳಲು 10 ಗ್ರಾಂ ಕ್ಷಾರವನ್ನು ಸುಮಾರು 80 ಮಿ.ಲೀ. ಶುದ್ಧ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸಿ, ಆರಿದ ಮೇಲೆ 100 ಮಿ.ಲೀ.ಗೆ ತರಬೇಕು. ಕ್ಷಾರವನ್ನು ನೀರಿಗೆ ಹಾಕಬೇಕು, ಕ್ಷಾರದ ಮೇಲೆ ನೀರು ಸುರಿಯಬಾರದು. ಕರಗುವಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹಾಗಾಗಿ ಗ್ಲೌಸು, ಕನ್ನಡಕ ಬೇಕು. 80ರ ಬದಲು 70 ಮಿ.ಲೀ. ನೀರು ತೆಗೆದುಕೊಂಡು 10 ಮಿ.ಲೀ. ಗ್ಲಿಸರಿನ್ ಸೇರಿಸಿದರೆ ಸ್ಲೈಡು ಬೇಗ ಒಣಗಿ ಹರಳುಗಟ್ಟುವುದಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಗಾಜಿನ ಬಾಟಲಿಯ ಬಿರಡೆ ಅಂಟಿಕೊಳ್ಳುತ್ತದೆ. ಬಾಯಿ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗಿ, ಕರಗಿಸುವ ಶಕ್ತಿಯೇ ಕುಂದುತ್ತದೆ. ಹಳೆಯ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಚೆಲ್ಲಿಬಿಡಿ.

ಈಗ ಕೆರೆಯುವುದು. ಕಲೆಯನ್ನು ಶೇ 70ರ ಆಲ್ಕೊಹಾಲ್‌ನಲ್ಲಿ ಒರೆಸಿ. ಇದು ಕ್ರಿಮಿ ಕೊಲ್ಲುವುದಕ್ಕಿಂತ ಮುಲಾಮು, ಎಣ್ಣೆ, ಪೌಡರ್ ತೆಗೆಯುವುದಕ್ಕೆ. ಎಣ್ಣೆಯ ಹನಿಗಳು ಮೈಕ್ರೋಸ್ಕೋಪಿನಲ್ಲಿ ಥೇಟ್ ಯೀಸ್ಟಿನಂತೆ ಕಾಣುತ್ತವೆ. ಪೂರ್ತಿ ಆರಲಿ, ಒದ್ದೆ ಇದ್ದರೆ ಹೊಟ್ಟು ಬ್ಲೇಡಿಗೆ ಮೆತ್ತಿಕೊಂಡು ಸ್ಲೈಡಿಗೆ ಬೀಳುವುದಿಲ್ಲ. ಚರ್ಮವನ್ನು ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿದು, 15ನೇ ನಂಬರಿನ ಬ್ಲೇಡನ್ನು ಹೆಚ್ಚುಕಡಿಮೆ ನೇರ ನಿಲ್ಲಿಸಿ, ಹಬ್ಬುತ್ತಿರುವ ಅಂಚಿಗೆ ಅಡ್ಡಲಾಗಿ ಕೆರೆಯಿರಿ. ನಡುಭಾಗ ನೋಡಲು ಎಷ್ಟೇ ದೊಡ್ಡದಿರಲಿ, ಅಲ್ಲಿ ಫಂಗಸ್ ಆಗಲೇ ಸೋತು ಹೋಗಿರುತ್ತದೆ; ಜೀವ ಇರುವುದು ಅಂಚಿನಲ್ಲಿ. ಸ್ಲೈಡಿನ ನಡುವೆ ಕಣ್ಣಿಗೆ ಕಾಣುವಷ್ಟು ಪುಡಿ ಬೀಳಬೇಕು, ರಕ್ತ ಬರಬಾರದು. ಸ್ಲೈಡನ್ನು ಕಲೆಯ ಕೆಳಗೇ ಹಿಡಿದರೆ ಪುಡಿ ನೇರ ಅದರ ಮೇಲೇ ಉದುರುತ್ತದೆ. ಮಗು ಅಲುಗಾಡುತ್ತಿದ್ದರೆ ಬ್ಲೇಡು ಬಿಟ್ಟು ಇನ್ನೊಂದು ಸ್ಲೈಡಿನ ಅಂಚಿನಿಂದಲೇ ಕೆರೆಯಬಹುದು.

ಪಾದದಲ್ಲಿ ನೀರ್ಗುಳ್ಳೆ ಇದ್ದರೆ ಗುಳ್ಳೆಯ ಮೇಲ್ಪದರವನ್ನು ಕತ್ತರಿಸಿ ಒಳಮೈ ಮೇಲಾಗುವಂತೆ ಸ್ಲೈಡಿಗಿಡಿ. ತಲೆಯಲ್ಲಿ ಕೂದಲು ಉದುರಿದ ಜಾಗವಿದ್ದರೆ ಉದ್ದ ಕೂದಲಿನಿಂದ ಪ್ರಯೋಜನವಿಲ್ಲ; ಬುಡದಲ್ಲೇ ಮುರಿದು ಕಪ್ಪು ಚುಕ್ಕೆಯಂತೆ ಕಾಣುವ ಮೋಟು ಕೂದಲನ್ನು ಚಿಮಟಿಗೆಯಿಂದ ಬುಡಸಮೇತ ಕೀಳಬೇಕು. ಉಗುರಿನದೇ ದೊಡ್ಡ ತಲೆನೋವು. ತುದಿಯಲ್ಲಿ ಸಡಿಲವಾಗಿರುವ ಬಿಳಿ ಪುಡಿಯಲ್ಲಿ ಸತ್ತ ಕಸವೇ ಜಾಸ್ತಿ. ಉಗುರನ್ನು ನೋವಾಗದಷ್ಟು ಹಿಂದಕ್ಕೆ ಕತ್ತರಿಸಿ, ಮೊದಲು ಬಂದ ಪುಡಿಯನ್ನು ಎಸೆದು, ಚೆನ್ನಾಗಿರುವ ಉಗುರಿಗೆ ತಾಗಿದಂತೆ ಅಡಿಯಿಂದ ಕೆರೆಯಬೇಕು. ಉಗುರಿನ ಸ್ಲೈಡು ಒಂದೇ ಸಲಕ್ಕೆ ನೆಗೆಟಿವ್ ಬಂದರೆ ಅದನ್ನು ನಂಬಬೇಡಿ.

ಹೊಟ್ಟಿನ ಮೇಲೆ ಒಂದು ತೊಟ್ಟು ದ್ರಾವಣ ಹಾಕಿ, ಕವರ್ ಸ್ಲಿಪ್ಪನ್ನು ಒಂದು ಕಡೆ ತಾಗಿಸಿ ನಿಧಾನಕ್ಕೆ ಮಲಗಿಸಿ, ಗಾಳಿಗುಳ್ಳೆ ಸಿಕ್ಕಿಬೀಳುವುದಿಲ್ಲ. ಹೊರಬಂದ ದ್ರಾವಣವನ್ನು ಕಾಗದದಲ್ಲಿ ಹೀರಿಸಿ. ಅದು ಲೆನ್ಸಿಗೆ ತಾಗಿದರೆ ಲೆನ್ಸು ಹಾಳು, ಇದನ್ನು ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಮಾಡುತ್ತಾರೆ. ಚರ್ಮಕ್ಕೆ 10ರಿಂದ 20 ನಿಮಿಷ, ಉಗುರಿಗೆ ಕೆಲವು ಗಂಟೆ ಅಥವಾ ರಾತ್ರಿಯಿಡೀ. ಆತುರವಿದ್ದರೆ ಸ್ಪಿರಿಟ್ ದೀಪದ ಮೇಲೆ ಎರಡು ಮೂರು ಸಲ ಹಾಯಿಸಿ ಬೆಚ್ಚಗೆ ಮಾಡಬಹುದು. ಕುದಿಸಿದರೆ ಕ್ಷಾರ ಹರಳುಗಟ್ಟಿ ಸೂಜಿ ಚೆಲ್ಲಿದಂತಾಗುತ್ತದೆ, ಆ ಸ್ಲೈಡು ಮತ್ತೆ ಉಪಯೋಗಕ್ಕಿಲ್ಲ. ಡೈಮೀಥೈಲ್ ಸಲ್ಫಾಕ್ಸೈಡ್ ಬೆರೆತ ದ್ರಾವಣಕ್ಕೆ ಬಿಸಿಯೇ ಬೇಡ, ಸಾಮಾನ್ಯ ಹೊಟ್ಟು ಬೇಗ ತಿಳಿಯಾಗುತ್ತದೆ. ಕೊನೆಗೆ ಕವರ್ ಸ್ಲಿಪ್ಪಿನ ಮೇಲೆ ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ಒತ್ತಿದರೆ ಹೊಟ್ಟು ಒಂದೇ ಪದರವಾಗಿ ಹರಡುತ್ತದೆ. ದಪ್ಪ ಮುದ್ದೆಯ ಒಳಗೆ ಏನೂ ಕಾಣುವುದಿಲ್ಲ.

ಎಳೆ ಯಾವುದು, ಎಳೆಯಂತೆ ಕಾಣುವುದು ಯಾವುದು

ಮೈಕ್ರೋಸ್ಕೋಪಿನ ಮುಂದೆ ಕುಳಿತವರ ಮೊದಲ ತಪ್ಪು ಬೆಳಕು ಜಾಸ್ತಿ ಇಡುವುದು. ಬಣ್ಣ ಹಾಕದ ಎಳೆ ಗಾಜಿನಂತೆ ಪಾರದರ್ಶಕ. ಕಂಡೆನ್ಸರನ್ನು ಕೆಳಗಿಳಿಸಿ, ಡಯಾಫ್ರಮ್ಮನ್ನು ಕಿರಿದು ಮಾಡಿದಾಗಲೇ ಅದರ ಅಂಚು ಎದ್ದು ಕಾಣುವುದು. 10ರ ಲೆನ್ಸಿನಲ್ಲಿ ಹೊಲ ಉಳುವಂತೆ ಸಾಲು ಬಿಡದೆ ಇಡೀ ಕವರ್ ಸ್ಲಿಪ್ಪನ್ನು ನೋಡಿ, ಅನುಮಾನ ಬಂದಲ್ಲಿ 40ಕ್ಕೆ ಹೋಗಿ. ಫೈನ್ ಫೋಕಸ್ ತಿರುಪನ್ನು ಸದಾ ಸ್ವಲ್ಪ ಅತ್ತಿತ್ತ ಆಡಿಸುತ್ತಿರಬೇಕು.

ಹುಳುಕಡ್ಡಿಯ ಫಂಗಸ್ ಆದರೆ, ತಿಳಿಯಾದ ಚರ್ಮಕೋಶಗಳ ನಡುವೆ ಒಂದು ತೆಳು ದಾರ ಹರಿದಿರುತ್ತದೆ. ಅಗಲ ಸುಮಾರು 2ರಿಂದ 4 ಮೈಕ್ರಾನ್, ಉದ್ದಕ್ಕೂ ಒಂದೇ ಸಮ. ನಡುನಡುವೆ ಅಡ್ಡಗೋಡೆ, ಅಲ್ಲಲ್ಲಿ ಕವಲು. ತಿರುಪು ಆಡಿಸಿದಾಗ ತಿಳಿ ಹಸಿರು ಛಾಯೆಯಲ್ಲಿ ಮಿನುಗಿ ಮಾಯವಾಗಿ ಮತ್ತೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ ಗುರುತು ಎಂದರೆ ಅದು ಚರ್ಮಕೋಶಗಳ ಗಡಿಯನ್ನು ಲೆಕ್ಕಕ್ಕಿಡದೆ ಅಡ್ಡ ದಾಟಿ ಹೋಗುತ್ತದೆ. ಹಳೆಯ ಎಳೆ ತುಂಡುತುಂಡಾಗಿ ಮಣಿಸರದಂತೆ ಕಾಣುವುದೂ ಉಂಟು.

ಇದನ್ನೇ ಅಣಕಿಸುವುದು ಮೊಸಾಯಿಕ್ ಎಂದು ಕರೆಯುವ ಮೋಸದ ಬಲೆ. ಅದು ಕೋಶಗಳ ಗಡಿಯ ಗುಂಟವೇ ಸಾಗುತ್ತದೆ, ಅಗಲ ಕ್ಷಣಕ್ಕೊಂದು ಬಗೆ, ಇದ್ದಕ್ಕಿದ್ದಂತೆ ತುಂಡಾಗುತ್ತದೆ, ಅಡ್ಡಗೋಡೆ ಇಲ್ಲ. ಅನುಮಾನ ಹರಿಯದಿದ್ದರೆ ಸ್ಲೈಡನ್ನು ಇನ್ನೂ ಅರ್ಧ ಗಂಟೆ ಬಿಟ್ಟು ನೋಡಿ. ಹೊಟ್ಟು ಮತ್ತಷ್ಟು ಕರಗಿದಂತೆ ಬಲೆ ಮಸುಕಾಗುತ್ತದೆ, ನಿಜವಾದ ಎಳೆ ಉಳಿಯುತ್ತದೆ. ಹತ್ತಿ ಅಥವಾ ಬಟ್ಟೆಯ ನೂಲು ಇವಕ್ಕಿಂತ ತೀರಾ ದಪ್ಪ, ತುದಿ ಹಿಂಜಿದಂತಿರುತ್ತದೆ, ಹೊಟ್ಟಿನ ಒಳಗಿರದೆ ಮೇಲೆ ಮಲಗಿರುತ್ತದೆ. ಒರೆಸಲು ಹತ್ತಿಯ ಬದಲು ಗಾಜ್ ಬಟ್ಟೆ ಬಳಸಿದರೆ ಈ ಕಾಟ ಕಡಿಮೆ. ಗಾಳಿಗುಳ್ಳೆಗೆ ದಪ್ಪ ಕಪ್ಪು ಅಂಚು, ಅದನ್ನು ಒಮ್ಮೆ ಕಂಡವರು ಮತ್ತೆ ಮೋಸಹೋಗುವುದಿಲ್ಲ.

ಸ್ಟೀರಾಯ್ಡ್ ಹಚ್ಚಿ ಹಚ್ಚಿ ಆಕಾರವೇ ಕೆಟ್ಟುಹೋದ ಕಲೆಗಳ ವಿಚಾರ ಬೇರೆ. ಅಂಚು ಮಾಸಿ, ಕೆಂಪು ಇಳಿದು, ನೋಡುವವರಿಗೆ ಫಂಗಸ್ ಎಂದೇ ಅನ್ನಿಸುವುದಿಲ್ಲ. ಆದರೆ ಚರ್ಮದ ಪ್ರತಿರೋಧ ತಗ್ಗಿರುವುದರಿಂದ ಅಲ್ಲಿ ಎಳೆಗಳು ಸಮೃದ್ಧ. ಕಣ್ಣಿಗೆ ಏನೂ ಕಾಣದ ಕಡೆ ಸ್ಲೈಡು ತುಂಬಿ ತುಳುಕುತ್ತಿರುತ್ತದೆ. ಹಾಗಾಗಿ ಸ್ಟೀರಾಯ್ಡ್ ಬಳಸಿದ್ದರೆಂಬುದು ಕೆಓಎಚ್ ಬಿಟ್ಟುಬಿಡಲು ಕಾರಣವಲ್ಲ, ಮಾಡಲೇಬೇಕಾದ ಕಾರಣ. ಫಂಗಸ್ ಮುಲಾಮು ಹಚ್ಚಿದ್ದರೆ ಇದಕ್ಕೆ ತದ್ವಿರುದ್ಧ. ಎಳೆ ಕಡಿಮೆಯಾಗಿ ಸ್ಲೈಡು ಸುಳ್ಳು ನೆಗೆಟಿವ್ ಕೊಡಬಹುದು. ಸಾಧ್ಯವಿದ್ದರೆ ಮುಲಾಮು ನಿಲ್ಲಿಸಿ ಎರಡು ವಾರ ಬಿಟ್ಟು ಕೆರೆಯಿರಿ, ಸಾಧ್ಯವಿಲ್ಲದಿದ್ದರೆ ಮುಲಾಮು ತಾಗದ ಬೇರೆ ಕಲೆ ಹುಡುಕಿ.

ಕ್ಯಾಂಡಿಡಾ ಎಂಬ ಯೀಸ್ಟ್ ಚರ್ಮದ ಮಡಿಕೆಗಳಲ್ಲಿ ಕೆಂಪಗೆ ಹರಡಿ, ಸುತ್ತ ಸಣ್ಣ ಸಣ್ಣ ಕೀವುಗುಳ್ಳೆಗಳನ್ನು ಬಿಟ್ಟಿರುತ್ತದೆ. ಕೆರೆಯಬೇಕಾದದ್ದು ಆ ಸುತ್ತಲಿನ ಗುಳ್ಳೆಗಳನ್ನು. ಮೊಗ್ಗೊಡೆದ ಯೀಸ್ಟ್ ಕೋಶಗಳ ಜೊತೆಗೆ ಕೀಲಿನಲ್ಲಿ ಹಿಸುಕಿದಂತಿರುವ ಹುಸಿ ಎಳೆಗಳೂ ಇದ್ದರೆ ಅದು ಸೋಂಕು. ಬರೀ ನಾಲ್ಕಾರು ಯೀಸ್ಟ್ ಕೋಶ ಕಂಡ ಮಾತ್ರಕ್ಕೆ ಸೋಂಕು ಎನ್ನಲಾಗದು, ಅವು ಸುಮ್ಮನೆ ವಾಸವಿರುವುದೂ ಇದೆ.

ಸಿಬ್ಬಿಗೆ ಬ್ಲೇಡೂ ಬೇಡ. ಪಾರದರ್ಶಕ ಅಂಟುಪಟ್ಟಿಯನ್ನು ಕಲೆಗೆ ಒತ್ತಿ ಕಿತ್ತು, ಸ್ಲೈಡಿನ ಮೇಲೆ ಒಂದು ತೊಟ್ಟು ಮೆಥಿಲೀನ್ ಬ್ಲೂ ಹಾಕಿ ಅದರ ಮೇಲೆ ಅಂಟಿಸಿದರೆ ಸಾಕು. ಮೋಟು, ದಪ್ಪ, ಬಾಗಿದ ಎಳೆಗಳು, ನಡುವೆ ಗೊಂಚಲು ಗೊಂಚಲಾಗಿ ಗುಂಡು ಕೋಶಗಳು. ಔಷಧಿ ಮುಗಿದ ಮೇಲೂ ಬಿಳಿ ಮಚ್ಚೆ ತಿಂಗಳುಗಟ್ಟಲೆ ಉಳಿಯುತ್ತದೆ. ಆಗ ಉಗುರಿನಿಂದ ಕೆರೆದರೂ ಹೊಟ್ಟು ಏಳದೆ, ಪಟ್ಟಿಯಲ್ಲೂ ಏನೂ ಸಿಗದಿದ್ದರೆ ಮತ್ತೆ ಔಷಧಿ ಹಚ್ಚುವ ಅಗತ್ಯವಿಲ್ಲ, ಬಣ್ಣ ಮರಳಲು ಕಾಯಬೇಕು ಅಷ್ಟೆ.

ಕೆಓಎಚ್ ಹೇಳದೇ ಇರುವುದೂ ಇದೆ. ಯಾವ ಜಾತಿಯ ಫಂಗಸ್, ಬದುಕಿದೆಯೋ ಸತ್ತಿದೆಯೋ, ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಅದರಿಂದ ತಿಳಿಯದು. ಅದಕ್ಕೆ ಕಲ್ಚರ್, ಅಂದರೆ ಫಂಗಸ್ಸನ್ನು ಬೆಳೆಸಿ ನೋಡುವುದು ಬೇಕು, ಸಬೂರೋ ಮಾಧ್ಯಮದಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ತಲೆ ಮತ್ತು ಉಗುರಿನ ಸೋಂಕಿಗೆ ಗುಳಿಗೆಯನ್ನೇ ವಾರ, ತಿಂಗಳುಗಟ್ಟಲೆ ನುಂಗಬೇಕಿರುವುದರಿಂದ ಅಲ್ಲಿ ಕಲ್ಚರ್‌ಗೆ ಕಳಿಸುವುದು ಲೇಸು. ಹೊಟ್ಟನ್ನು ಮಡಿಚಿದ ಒಣ ಕಾಗದದಲ್ಲಿ ಕಳಿಸಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೆವೆತು ಬ್ಯಾಕ್ಟೀರಿಯಾ ಬೆಳೆಯುತ್ತದೆ.

ವುಡ್ ದೀಪ: ಕತ್ತಲೆ ಇದ್ದರೆ ಮಾತ್ರ

ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ 1903ರಲ್ಲಿ ಮಾಡಿದ ಸೋಸುಗಾಜು 1925ರಲ್ಲಿ ಕೂದಲಿನ ಫಂಗಸ್ ಪತ್ತೆಗೆ ಬಂತು. ಅದು ಬಿಡುವ ನೇರಳಾತೀತ ಬೆಳಕಿನ ಶಿಖರ ಸುಮಾರು 365 ನ್ಯಾನೊಮೀಟರ್. ಕೀಚೈನಿಗೆ ತೂಗುವ ಅಗ್ಗದ ನೇರಳೆ ಟಾರ್ಚುಗಳಲ್ಲಿ ಹೆಚ್ಚಿನವು 395ರ ಆಸುಪಾಸಿನವು. ಅವುಗಳ ಕಣ್ಣಿಗೆ ಕಾಣುವ ನೇರಳೆಯಲ್ಲಿ ಮಂದ ಹೊಳಪು ಮುಳುಗಿಹೋಗುತ್ತದೆ. ಕೊಳ್ಳುವಾಗ ಈ ಅಂಕಿಯನ್ನು ನೋಡಿ.

ದೀಪ ಹಚ್ಚಿ ಒಂದು ನಿಮಿಷ ಕಾಯಿರಿ. ಕೋಣೆ ಪೂರ್ತಿ ಕತ್ತಲಿರಲಿ, ಕಣ್ಣು ಹೊಂದಿಕೊಳ್ಳಲಿ, ಆಮೇಲೆ 10ರಿಂದ 20 ಸೆಂಟಿಮೀಟರ್ ದೂರದಿಂದ ನೋಡಿ. ಬೆಕ್ಕು ನಾಯಿಗಳಿಂದ ಬರುವ ಮೈಕ್ರೋಸ್ಪೋರಮ್ ಕ್ಯಾನಿಸ್ ಹಿಡಿದ ಕೂದಲು ಹಸಿರಾಗಿ ಹೊಳೆಯುತ್ತದೆ. ಆದರೆ ಕೂದಲಿನ ಒಳಗೇ ಬೆಳೆಯುವ ಟ್ರೈಕೋಫೈಟನ್ ಟಾನ್ಸುರನ್ಸ್, ವಯೊಲೇಸಿಯಮ್ ಹೊಳೆಯುವುದೇ ಇಲ್ಲ. ತಲೆಯ ಹುಳುಕಡ್ಡಿ ಇವುಗಳಿಂದಲೇ ಬರುವ ಕಡೆಗಳಲ್ಲಿ ದೀಪ ಹಿಡಿದು "ಏನೂ ಇಲ್ಲ" ಎಂದರೆ ಮಗುವಿಗೆ ಅನ್ಯಾಯವಾಗುತ್ತದೆ. ಮೈಯ ಹುಳುಕಡ್ಡಿಗೂ ಈ ದೀಪದಿಂದ ಉಪಯೋಗವಿಲ್ಲ.

ಇದು ನಿಜಕ್ಕೂ ಬೆಲೆ ಬಾಳುವುದು ಎರಿತ್ರಾಸ್ಮಾ ಎಂಬ ಬ್ಯಾಕ್ಟೀರಿಯಾ ಸೋಂಕಿನಲ್ಲಿ. ತೊಡೆಸಂದಿ, ಕಂಕುಳು, ಕಾಲ್ಬೆರಳ ಸಂದಿಯ ಕಂದುಗೆಂಪು ಪಟ್ಟೆ ಫಂಗಸ್ಸಿನಂತೆಯೇ ಕಾಣುತ್ತದೆ, ಕೆಓಎಚ್ ಮಾಡಿದರೆ ಎಳೆ ಇಲ್ಲ. ದೀಪದಡಿ ಹವಳದ ಕೆಂಪು. ಅದಕ್ಕೆ ಕಾರಣ ಕೊರಿನೆಬ್ಯಾಕ್ಟೀರಿಯಮ್ ಮಾಡುವ ಪೋರ್ಫೈರಿನ್ ಎಂಬ ವಸ್ತು. ಅದು ನೀರಿನಲ್ಲಿ ಕರಗುವಂಥದ್ದು. ಡಾಕ್ಟರ ಹತ್ತಿರ ಹೋಗುವುದೆಂದು ಚೆನ್ನಾಗಿ ತಿಕ್ಕಿ ಸ್ನಾನ ಮಾಡಿ ಬಂದವರಲ್ಲಿ ಹೊಳಪು ಕಾಣದೇ ಹೋಗಬಹುದು. ಸಿಬ್ಬು ಮಾಸಲು ಹೊಂಬಣ್ಣ, ಸ್ಯೂಡೊಮೊನಾಸ್ ಸೋಂಕಾದ ಗಾಯ ಹಸಿರು. ಮೋಸ ಮಾಡುವವರ ಪಟ್ಟಿಯೂ ಇದೆ. ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಹಸಿರಾಗಿ, ಟೆಟ್ರಾಸೈಕ್ಲಿನ್ ಹಳದಿಯಾಗಿ, ಬಟ್ಟೆಯ ಜುಂಗು ನೀಲಿ ಬಿಳುಪಾಗಿ ಹೊಳೆಯುತ್ತವೆ. ಹೊಳಪು ಕೂದಲಿನ ಬುಡದಲ್ಲಿದೆಯೋ ಮೇಲೆ ಮೆತ್ತಿದೆಯೋ ನೋಡಿದರೆ ಗೊತ್ತಾಗುತ್ತದೆ.

ಕಜ್ಜಿಯ ಹುಳ ಹುಡುಕುವುದು

ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ ಇರುವ ಹುಳ ಹತ್ತು ಹದಿನೈದು ಮಾತ್ರ. ಮೈತುಂಬ ತುರಿಗುಳ್ಳೆ ಇರುವುದು ಅಲರ್ಜಿಯಿಂದ, ಪ್ರತಿ ಗುಳ್ಳೆಯಲ್ಲೂ ಹುಳವಿಲ್ಲ. ಆದ್ದರಿಂದ ಕೆರೆದು ಕೆಂಪಾದ ಗುಳ್ಳೆಯನ್ನು ಬ್ಲೇಡಿನಿಂದ ಮತ್ತೆ ಕೆರೆಯುವುದು ವ್ಯರ್ಥ. ಬೆರಳ ಸಂದಿ, ಮಣಿಕಟ್ಟಿನ ಒಳಮೈ, ಮೊಲೆತೊಟ್ಟಿನ ಸುತ್ತ, ಗಂಡಸರಲ್ಲಿ ಶಿಶ್ನದ ಮೇಲೆ, ಕೈಕೂಸುಗಳಲ್ಲಿ ಅಂಗೈ ಅಂಗಾಲು, ಇಲ್ಲೆಲ್ಲ ಕೆಲವು ಮಿಲಿಮೀಟರ್ ಉದ್ದದ, ಬೂದುಬಣ್ಣದ ಅಂಕುಡೊಂಕು ಗೆರೆ ಹುಡುಕಬೇಕು. ಅದೇ ಹುಳ ಕೊರೆದ ಸುರಂಗ. ಕಾಣದಿದ್ದರೆ ಫೌಂಟನ್ ಪೆನ್ನಿನ ಶಾಯಿ ಸವರಿ, ತಕ್ಷಣ ಆಲ್ಕೊಹಾಲ್‌ನಲ್ಲಿ ಒರೆಸಿ. ಸುತ್ತಲಿನ ಶಾಯಿ ಹೋಗಿ ಸುರಂಗಕ್ಕಿಳಿದದ್ದು ಕಪ್ಪು ಗೆರೆಯಾಗಿ ಉಳಿಯುತ್ತದೆ.

ಬ್ಲೇಡಿಗೂ ಗೆರೆಯ ಮೇಲೂ ಒಂದು ಹನಿ ಮಿನರಲ್ ಆಯಿಲ್ ಹಾಕಿ, ಗೆರೆಯ ತುದಿಯ ಕಪ್ಪು ಚುಕ್ಕೆ ಸೇರಿಸಿ, ರಕ್ತ ಚುಕ್ಕೆ ಮೂಡುವಷ್ಟು ಕೆರೆಯಿರಿ. ಇಲ್ಲಿ ಫಂಗಸ್ಸಿಗಿಂತ ಸ್ವಲ್ಪ ಆಳಕ್ಕೆ ಹೋಗಬೇಕು. ಕೆಓಎಚ್ ಹಾಕಿದರೂ ನಡೆಯುತ್ತದೆ, ಆದರೆ ಅದು ಹುಳದ ಕಂದು ಹಿಕ್ಕೆಯನ್ನು ಕರಗಿಸಿಬಿಡುತ್ತದೆ. ಎಣ್ಣೆಯಲ್ಲಿ ಹಿಕ್ಕೆ ಉಳಿಯುತ್ತದೆ, ಹುಳ ಜೀವಂತವಾಗಿ ಕಾಲಾಡಿಸುವುದೂ ಕಾಣುತ್ತದೆ. 10ರ ಲೆನ್ಸೇ ಸಾಕು. ಹೆಣ್ಣು ಹುಳ 0.3ರಿಂದ 0.4 ಮಿ.ಮೀ. ಹುಳ, ಮೊಟ್ಟೆ, ಹಿಕ್ಕೆ, ಮೂರರಲ್ಲಿ ಯಾವುದು ಸಿಕ್ಕರೂ ಪಾಸಿಟಿವ್. ಏನೂ ಸಿಗದಿದ್ದರೆ ಕಜ್ಜಿ ಇಲ್ಲವೆಂದಲ್ಲ. ರಾತ್ರಿ ತುರಿಕೆ ಜಾಸ್ತಿ, ಜೊತೆಗೆ ಮಲಗುವವರಿಗೂ ತುರಿಕೆ ಎಂದರೆ ಸ್ಲೈಡಿಗಾಗಿ ಔಷಧಿ ತಡೆಹಿಡಿಯಬೇಡಿ. ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೊಸ್ಕೋಪ್ ಇದ್ದವರು ಸುರಂಗದ ತುದಿಯಲ್ಲಿ ಕಂದು ತ್ರಿಕೋನವೊಂದನ್ನು ನೋಡಬಹುದು, ಅದು ಹುಳದ ಮುಂಭಾಗ.

ಗುಳ್ಳೆ, ಕೀವು, ಹಕ್ಕಳೆ

ಸರ್ಪಸುತ್ತು ಅಥವಾ ಹರ್ಪಿಸ್ ಅನುಮಾನವಿದ್ದಾಗ ಟ್ಸಾಂಕ್ ಸ್ಮಿಯರ್, ಅಂದರೆ ಗುಳ್ಳೆಯ ತಳದ ಕೋಶಗಳಿಗೆ ಬಣ್ಣ ಹಾಕಿ ನೋಡುವುದು. ಎರಡು ಮೂರು ದಿನದೊಳಗಿನ ಹೊಸ ಗುಳ್ಳೆ ಆರಿಸಿ. ಹಕ್ಕಳೆಗಟ್ಟಿದ ಮೇಲೆ ಸಿಗುವುದು ಅಪರೂಪ. ಗುಳ್ಳೆಯ ಮೇಲ್ಪದರ ಬಿಡಿಸಿ ನೀರನ್ನು ಗಾಜ್‌ನಿಂದ ಹೀರಿಸಿಬಿಡಿ. ಬೇಕಾದ ಕೋಶಗಳಿರುವುದು ತಳದಲ್ಲಿ, ನೀರಿನಲ್ಲಲ್ಲ. ತಳವನ್ನು ಮೊಂಡು ಬ್ಲೇಡಿನಿಂದ ರಕ್ತ ಬಾರದಂತೆ ಕೆರೆದು, ಸ್ಲೈಡಿಗೆ ತೆಳುವಾಗಿ ತಾಗಿಸಿ. ಎಳೆದು ಉಜ್ಜಿದರೆ ಕೋಶಗಳು ಜಜ್ಜಿಹೋಗುತ್ತವೆ. ಗಾಳಿಯಲ್ಲಿ ಒಣಗಿಸಿ, ಮೆಥನಾಲ್‌ನಲ್ಲಿ ಕೆಲವು ನಿಮಿಷ ಇಟ್ಟು, ಹತ್ತು ಪಟ್ಟು ತೆಳು ಮಾಡಿದ ಗೀಮ್ಸಾ ಬಣ್ಣದಲ್ಲಿ 15ರಿಂದ 20 ನಿಮಿಷ. ಒಂದೇ ಕೋಶದೊಳಗೆ ಹಲವು ಕೋಶಕೇಂದ್ರಗಳು ಒಂದಕ್ಕೊಂದು ಒತ್ತಿಕೊಂಡು ಇಕ್ಕಟ್ಟಾಗಿ ಕುಳಿತಿದ್ದರೆ ಹರ್ಪಿಸ್ ಗುಂಪಿನ ವೈರಸ್. ಹರ್ಪಿಸ್ ಸಿಂಪ್ಲೆಕ್ಸೋ ಸರ್ಪಸುತ್ತೋ ಎಂದು ಇದು ಹೇಳಲಾರದು, ಅದಕ್ಕೆ ವೈರಸ್ಸಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ. ಒಂಟಿ ದುಂಡು ಕೋಶಗಳೇ ತುಂಬಿದ್ದು, ನಡುವಿನ ದೊಡ್ಡ ಕೋಶಕೇಂದ್ರದ ಸುತ್ತ ತಿಳಿ ಬಳೆ ಇದ್ದರೆ ಪೆಂಫಿಗಸ್ ಎಂಬ ಗುಳ್ಳೆರೋಗ ನೆನಪಾಗಬೇಕು. ಆಗ ಬಯಾಪ್ಸಿ ಬಿಟ್ಟು ಬೇರೆ ದಾರಿಯಿಲ್ಲ.

ಕೀವಿಗೆ ಗ್ರಾಂ ಸ್ಟೇನ್, ಅಂದರೆ ಬ್ಯಾಕ್ಟೀರಿಯಾ ಗುರುತಿಸಲು ಬಣ್ಣ ಹಾಕುವುದು. ಜೇನುಬಣ್ಣದ ಹಕ್ಕಳೆಯ ಮೇಲೆ ಸ್ವಾಬ್ ಆಡಿಸಬೇಡಿ, ಉಪ್ಪುನೀರಿನಿಂದ ನೆನೆಸಿ ಎತ್ತಿ ಅಡಿಯ ತೇವದಿಂದ ತೆಗೆಯಿರಿ. ಎರಡು ಸ್ವಾಬ್ ತೆಗೆದು, ಕಲ್ಚರ್‌ಗೆ ಹೋಗುವುದನ್ನು ಸ್ಲೈಡಿಗೆ ತಾಗಿಸದಿರಿ. ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಸ್ಪಿರಿಟ್‌ನಲ್ಲಿ ಬಣ್ಣ ತೆಗೆಯುವುದು, ಸ್ಯಾಫ್ರನಿನ್ ಅರ್ಧದಿಂದ ಒಂದು ನಿಮಿಷ. ಕೆಡುವುದೆಲ್ಲ ಮೂರನೆಯ ಹಂತದಲ್ಲಿ. ಸ್ಪಿರಿಟ್ ಹೆಚ್ಚಾದರೆ ನೇರಳೆ ಇರಬೇಕಾದದ್ದೂ ಕೆಂಪಾಗುತ್ತದೆ, ಕಡಿಮೆಯಾದರೆ ಎಲ್ಲವೂ ನೇರಳೆ. ಕೀವುಕೋಶಗಳ ಕೇಂದ್ರ ಕೆಂಪಗಿದೆಯೇ ನೋಡಿ. ಅದು ನೇರಳೆ ಇದ್ದರೆ ಬಣ್ಣ ತೆಗೆದದ್ದು ಸಾಲದು. ಗೊಂಚಲು ನೇರಳೆ ಗುಂಡುಗಳು ಸ್ಟ್ಯಾಫಿಲೊಕಾಕಸ್‌ನತ್ತ, ಸರಪಳಿಯಾದರೆ ಸ್ಟ್ರೆಪ್ಟೊಕಾಕಸ್‌ನತ್ತ ಬೆರಳು ತೋರುತ್ತವೆ. ಔಷಧಿಗೆ ಬಗ್ಗದ ಎಂಆರ್‌ಎಸ್‌ಎ ಹೌದೋ ಅಲ್ಲವೋ ಬಣ್ಣದಲ್ಲಿ ತಿಳಿಯದು. ಚರ್ಮ ಒಡೆಯದ ಸೆಲ್ಯುಲೈಟಿಸ್ (ಚರ್ಮದಾಳದ ಬ್ಯಾಕ್ಟೀರಿಯಾ ಸೋಂಕು) ಮೇಲೆ ಸ್ವಾಬ್ ಉಜ್ಜಿ ಕಳಿಸುವ ಅಭ್ಯಾಸವಂತೂ ನಿಲ್ಲಬೇಕು, ಬೆಳೆಯುವುದು ಚರ್ಮದ ಮೇಲಿನ ನಿತ್ಯವಾಸಿಗಳು ಮಾತ್ರ.

ಸ್ಪರ್ಶ ತಿಳಿಯದ ಕಲೆ, ದಪ್ಪಗಾದ ಕಿವಿಹಾಲೆ ಇದ್ದರೆ ಕುಷ್ಠದ ಸ್ಲಿಟ್ ಸ್ಮಿಯರ್. ಚರ್ಮವನ್ನು ಬಿಳುಚುವಷ್ಟು ಬಿಗಿಯಾಗಿ ಚಿವುಟಿ ಹಿಡಿದು, 5 ಮಿ.ಮೀ. ಉದ್ದ, 2 ಮಿ.ಮೀ. ಆಳ ಸೀಳಿ, ಬ್ಲೇಡನ್ನು ಅಡ್ಡ ತಿರುಗಿಸಿ ಸೀಳಿನ ಒಳಗೋಡೆಯನ್ನು ಎರಡು ಮೂರು ಸಲ ಹೆರೆಯಬೇಕು. ಚಿವುಟಿದ್ದನ್ನು ಸಡಿಲಿಸಿದರೆ ರಕ್ತ ಬೆರೆತು ಸ್ಮಿಯರ್ ಕೆಡುತ್ತದೆ. ಕುಷ್ಠದ ದಂಡಾಣು ಕ್ಷಯದ್ದಕ್ಕಿಂತ ಬೇಗ ಬಣ್ಣ ಬಿಡುವುದರಿಂದ ಸೌಮ್ಯ ಆಮ್ಲ ಬಳಸಬೇಕು. ಕಲೆ ಕಡಿಮೆ ಇರುವ ಬಗೆಯಲ್ಲಿ ಸ್ಮಿಯರ್ ನೆಗೆಟಿವ್ ಬರುವುದೇ ಸಹಜ, ಅಲ್ಲಿ ರೋಗ ಗುರುತಿಸಬೇಕಾದದ್ದು ಸ್ಪರ್ಶ ಮತ್ತು ನರ ಮುಟ್ಟಿ ನೋಡಿ.

ಕೊನೆಗೆ ಬರೆಯುವ ರೀತಿ. "ಕೆಓಎಚ್ ನೆಗೆಟಿವ್" ಎಂಬ ಎರಡು ಪದದಿಂದ ಮುಂದೆ ನೋಡುವವರಿಗೆ ಏನೂ ಸಿಗುವುದಿಲ್ಲ. "ಎಡ ತೊಡೆ, ಹೊರ ಅಂಚು, ಫಂಗಸ್ ಮುಲಾಮು ನಿಲ್ಲಿಸಿ 3 ದಿನ, ಹೊಟ್ಟು ಸ್ವಲ್ಪವೇ ಸಿಕ್ಕಿತು, 20 ನಿಮಿಷದ ಬಳಿಕ ನೋಡಿದಾಗ ಎಳೆ ಕಾಣಲಿಲ್ಲ" ಎಂದು ಬರೆದರೆ, ಎರಡು ವಾರ ಬಿಟ್ಟು ಎಲ್ಲಿ ಮತ್ತೆ ಕೆರೆಯಬೇಕೆಂಬುದು ಆ ಚೀಟಿಯಲ್ಲೇ ಇರುತ್ತದೆ.